ಹಳೇ ಮನೆ ಟ್ರಂಕಲ್ಲಿರೋ ಹತ್ತೊಂಬತ್ತನೇ ಶತಮಾನದ ಸ್ಟುಡಿಯೋ ಫೋಟೋ: ಹೆಸರು ಹಚ್ಚೋದು, ಕಾಲ ಗುರುತಿಸೋದು, ಉಳಿಸ್ಕೊಳ್ಳೋದು ಹೇಗೆ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಹಳೇ ಮನೆಗಳಲ್ಲಿ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದ ಅಡಿಕೆ ತೋಟದ ದೊಡ್ಡ ಮನೆಗಳಲ್ಲೂ ಕೂಡ, ಎಲ್ಲೋ ಒಂದು ಟ್ರಂಕಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಕಂದು ಬಣ್ಣದ ಫೋಟೋಗಳು ಇದ್ದೇ ಇರ್ತವೆ. ರುಮಾಲು ಸುತ್ತಿ ಉದ್ದ ಕೋಟು ಹಾಕಿ ಕುರ್ಚಿ ಮೇಲೆ ಕೂತ ಯಜಮಾನ್ರು, ಪಕ್ಕದಲ್ಲಿ ಕಚ್ಚೆ ಸೀರೆ ಉಟ್ಟು ನತ್ತು ಬುಗುಡಿ ಹಾಕ್ಕೊಂಡು ನಿಂತವರು, ಮುಂದೆ ಜರಿ ಟೋಪಿ ಹಾಕಿದ ಮಗು. ಇದು ಕೈಗೆ ಸಿಕ್ಕ ಕೂಡ್ಲೇ ಜನ ಎರಡು ಕೆಲಸ ಮಾಡ್ತಾರೆ, ಒದ್ದೆ ಬಟ್ಟೆ ತಗೊಂಡು ಒರೆಸ್ತಾರೆ, ಇಲ್ಲಾಂದ್ರೆ ಮೊಬೈಲಲ್ಲಿ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ. ಒರೆಸೋದು ಯಾವತ್ತೂ ಬೇಡ. ಗ್ರೂಪಿಗೆ ಹಾಕೋದು ಆಮೇಲಾದ್ರೂ ನಡೀತದೆ. ಎಲ್ಲಕ್ಕಿಂತ ಮೊದಲು ಆಗ್ಬೇಕಾದ್ದು ಫೋಟೋದಲ್ಲಿ ಇರೋರ ಹೆಸರು, ಯಾಕಂದ್ರೆ ಫೋಟೋ ಇನ್ನೂ ಐವತ್ತು ವರ್ಷ ಹೇಗೋ ಇರ್ತದೆ, ಆದ್ರೆ "ಇದು ನನ್ನ ಅಜ್ಜಿಯ ಅತ್ತೆ" ಅಂತ ಹೇಳೋ ಎಂಬತ್ತೈದು ವರ್ಷದ ಅಜ್ಜಿ ಅಷ್ಟು ದಿನ ಇರೋದಿಲ್ಲ.

ಯಾವಾಗ ತೆಗೀಬೇಕು, ಹೇಗೆ ಹಿಡೀಬೇಕು

ಮಳೆಗಾಲದಲ್ಲಿ ಟ್ರಂಕ್ ತೆಗೀಬೇಡಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸಪ್ಟೆಂಬರ್ ತನಕ ಗಾಳಿಯೇ ಒದ್ದೆ, ಆವಾಗ ಹೊರಗೆ ತೆಗೆದ್ರೆ ಬೂಷ್ಟು ಹಿಡಿಯೋಕೆ ನೀವೇ ದಾರಿ ಮಾಡಿಕೊಟ್ಟಂಗೆ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಈ ಕೆಲಸ ಇಟ್ಕೊಳ್ಳಿ. ಬೇಸಿಗೆಯಲ್ಲಿ ಹಪ್ಪಳ ಹಾಸಿಗೆ ಎಲ್ಲ ಬಿಸಿಲಿಗೆ ಹಾಕೋ ಅಭ್ಯಾಸ ನಮಗೆ ಇದೆ, ಅದೇ ಲೆಕ್ಕದಲ್ಲಿ ಫೋಟೋನೂ ಅಂಗಳಕ್ಕೆ ಹಾಕೋರು ಇದ್ದಾರೆ, ದಯವಿಟ್ಟು ಬೇಡ, ಬಿಸಿಲಿಗೆ ಬಣ್ಣ ಹಾರ್ತದೆ ರಟ್ಟು ಸೊಟ್ಟ ಆಗ್ತದೆ.

ಕೈ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿ, ಊಟ ಮಾಡಿದ ಕೈ, ತೆಂಗಿನೆಣ್ಣೆ ಕೈ, ಅರಿಶಿನ ಕುಂಕುಮದ ಕೈ ಯಾವುದೂ ಆಗಲ್ಲ. ಫೋಟೋದ ಮುಖ ಮುಟ್ಟಬೇಡಿ, ಎರಡೂ ಕೈಯಲ್ಲಿ ರಟ್ಟಿನ ಅಂಚು ಹಿಡೀರಿ, ಆ ಕಾಲದ ರಟ್ಟು ಈಗ ಒಂದು ಕೈಯಲ್ಲಿ ಎತ್ತಿದ್ರೆ ಪಟಕ್ಕನೆ ಮುರಿಯೋಷ್ಟು ಗಡಸಾಗಿರ್ತದೆ. ರಟ್ಟು ಬಾಗಿದ್ರೆ ನೇರ ಮಾಡೋಕೆ ಹೋಗ್ಬೇಡಿ, ಮೇಲೆ ಭಾರದ ಪುಸ್ತಕ ಇಡೋದೂ ಬೇಡ. ಟೇಬಲ್ ಮೇಲೆ ತೊಳೆದ ಬಿಳಿ ಪಂಚೆ ಹಾಸಿ, ಒಂದೊಂದೇ ಇಟ್ಟು ನೋಡಿ. ಟ್ರಂಕಲ್ಲಿ ಯಾವುದರ ಪಕ್ಕ ಯಾವುದಿತ್ತು ಅಂತ ತೆಗೆಯೋ ಮುಂಚೆನೇ ಮೊಬೈಲಲ್ಲಿ ಹೊಡೆದಿಟ್ಕೊಳ್ಳಿ, ಒಂದೇ ಕಾಗದದಲ್ಲಿ ಸುತ್ತಿಟ್ಟ ನಾಲ್ಕು ಫೋಟೋ ಒಂದೇ ದಿನದ್ದು ಇರೋ ಸಾಧ್ಯತೆ ಜಾಸ್ತಿ.

ಹೆಸರು ಕೇಳೋದು

ಇದಕ್ಕೇ ಜಾಸ್ತಿ ಟೈಮ್ ಕೊಡಿ. ಒರಿಜಿನಲ್ ತಗೊಂಡು ಮನೆ ಮನೆ ತಿರುಗಬೇಡಿ. ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಲ್ಲಿ ಒಂದು ಫೋಟೋ ಹೊಡೆದು ಎ4 ಸೈಜಲ್ಲಿ ಪ್ರಿಂಟ್ ಹಾಕಿಸಿ, ವಯಸ್ಸಾದವರಿಗೆ ಕಣ್ಣಿಗೂ ಅನುಕೂಲ, ಮೇಲೇ ಬಾಣ ಹಾಕಿ ಬರ್ಕೊಳ್ಳೋಕೂ ಆಗ್ತದೆ.

ಕೇಳುವಾಗ "ಇದು ಸುಬ್ಬಜ್ಜ ಅಲ್ವಾ?" ಅಂತ ನೀವೇ ಹೆಸರು ಹೇಳಿಕೊಡಬೇಡಿ, ಹಿರಿಯರು ಮನಸ್ಸು ನೋಯಿಸ್ಬಾರ್ದು ಅಂತ ಹೌದು ಅಂದುಬಿಡ್ತಾರೆ. ಪ್ರಿಂಟ್ ಕೈಗೆ ಕೊಟ್ಟು ಸುಮ್ಮನೆ ಕೂತ್ಕೊಳ್ಳಿ. ಮುಖ ಗೊತ್ತಾಗ್ದೆ ಇದ್ರೂ ಕುರ್ಚಿ ಗೊತ್ತಾಗ್ತದೆ, ಸರ ಗೊತ್ತಾಗ್ತದೆ, "ಈ ವಂಕಿ ಆಮೇಲೆ ದೊಡ್ಡತ್ತೆ ಪಾಲಿಗೆ ಹೋಯ್ತು" ಅಂತ ಶುರು ಆಗಿ ಅಲ್ಲಿಂದ ಹೆಸರು ಬರ್ತದೆ. ಒಡವೆ ಮೇಲಿನ ನೆನಪು ನಮ್ಮ ಅಜ್ಜಿಯರಿಗೆ ಬಹಳ ಗಟ್ಟಿ, ಅದನ್ನ ಉಪಯೋಗಿಸ್ಕೊಳ್ಳಿ.

ಹೆಂಗಸರ ಹೆಸರಿನ ವಿಷಯದಲ್ಲಿ ಜೋಪಾನ. ಕರಾವಳಿಯ ಎಷ್ಟೋ ಮನೆತನಗಳಲ್ಲಿ, ಕೊಂಕಣಿ ಮನೆಗಳಲ್ಲಂತೂ, ಮದುವೆಯಾಗಿ ಬಂದ ಹುಡುಗಿಗೆ ಗಂಡನ ಮನೆಯಲ್ಲಿ ಬೇರೆ ಹೆಸರು ಇಡ್ತಿದ್ರು. ಹಾಗಾಗಿ ತವರಿನವರು ಒಂದು ಹೆಸರು ಹೇಳ್ತಾರೆ, ಗಂಡನ ಮನೆಯವರು ಇನ್ನೊಂದು, ಇಬ್ಬರೂ ಹೇಳೋದು ಸರಿಯೇ ಇರ್ತದೆ, ನೀವು ಇಬ್ಬರು ಬೇರೆ ಬೇರೆ ಮನುಷ್ಯರು ಅಂದ್ಕೊಂಡು ವಂಶಾವಳಿನೇ ತಪ್ಪಿಸಿಬಿಡ್ತೀರಿ. ಎರಡೂ ಹೆಸರು, ತವರು ಯಾವ ಊರು, ಯಾರ ಮಗಳು ಇಷ್ಟನ್ನೂ ಬರ್ಕೊಳ್ಳಿ.

ಇನ್ನೊಂದು ಪ್ರಶ್ನೆ ಯಾರೂ ಕೇಳಲ್ಲ, ಅದನ್ನ ಕೇಳಲೇಬೇಕು, ಆವಾಗ ಮನೆಯಲ್ಲಿದ್ದು ಫೋಟೋದಲ್ಲಿ ಇಲ್ಲದವರು ಯಾರು ಅಂತ. ತಲೆ ಬೋಳಿಸಿ ಕೆಂಪು ಸೀರೆ ಉಟ್ಟು ಅಡುಗೆಮನೆಯಲ್ಲೇ ಜೀವ ತೇಯ್ದ ವಿಧವೆ ಅತ್ತೆಯರನ್ನ ಶುಭಕ್ಕೆ ಆಗೋದಿಲ್ಲ ಅಂತ ಫೋಟೋಕ್ಕೆ ಕೂರಿಸ್ತಿರಲಿಲ್ಲ ಎಷ್ಟೋ ಮನೆಗಳಲ್ಲಿ. ಮಗು ಹಿಡ್ಕೊಂಡು ಅಂಚಲ್ಲಿ ನಿಂತ ಕೆಲಸದ ಹೆಂಗಸಿನ ಹೆಸರೂ ಕೇಳಿ, ಅರ್ಧ ಕೈ ಮಾತ್ರ ಕಾಣ್ತಿದ್ರೂ ಕೇಳಿ. ದುಡ್ಡಿದ್ದವರ ಮನೆ ಫೋಟೋ ಅಂದ ಮಾತ್ರಕ್ಕೆ ದುಡ್ಡಿದ್ದವರ ಹೆಸರು ಮಾತ್ರ ಉಳೀಬೇಕು ಅಂತ ಏನಿಲ್ಲ.

ಬರೆಯುವಾಗ ಹಿಂದಿನ ಸಾಲು ಎಡದಿಂದ ಬಲಕ್ಕೆ, ಆಮೇಲೆ ಕೂತ ಸಾಲು, ಆಮೇಲೆ ನೆಲದ ಮೇಲೆ ಕೂತ ಮಕ್ಕಳು ಅಂತ ಒಂದೇ ಕ್ರಮ ಇಟ್ಕೊಳ್ಳಿ. ಪ್ರತಿ ಹೆಸರಿನ ಮುಂದೆ ಹೇಳಿದವರು ಯಾರು, ಯಾವ ತಾರೀಖು, ಖಂಡಿತವೋ ಅಂದಾಜೋ ಅಂತನೂ ಹಾಕಿ. ಮಾತಾಡೋದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅವರಿಗೆ ಹೇಳಿಯೇ ಮಾಡಿ. ಒರಿಜಿನಲ್ ಹಿಂದೆ ಬರೀಲೇಬೇಕು ಅಂದ್ರೆ ಮೆತ್ತನೆ ಸೀಸದ ಪೆನ್ಸಿಲ್, 2ಬಿ ಅಥವಾ 4ಬಿ, ಅಂಚಿನಲ್ಲಿ ಹಗೂರಕ್ಕೆ ಬರೀರಿ. ಬಾಲ್‌ಪೆನ್, ಸ್ಕೆಚ್‌ಪೆನ್ ಬೇಡ, ಇಂಕು ಇಳೀತದೆ, ಬಾಲ್‌ಪೆನ್ ಒತ್ತು ಮುಂಭಾಗದಲ್ಲಿ ಮುಖದ ಮೇಲೇ ಗೆರೆಯಾಗಿ ಏಳ್ತದೆ.

ಎಲ್ಲಿ ತೆಗೆಸಿದ್ದು, ಯಾವಾಗ ತೆಗೆಸಿದ್ದು

ಈಗ ಫೋಟೋ ತಿರುಗಿಸಿ. ರಟ್ಟಿನ ಹಿಂದೆ, ಇಲ್ಲಾಂದ್ರೆ ಮುಂದೆ ಕೆಳಗಡೆ, ಸ್ಟುಡಿಯೋ ಹೆಸರು ಊರು ಇರ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಿಂದ ಬಾಂಬೆ ಪ್ರೆಸಿಡೆನ್ಸಿಗೆ ಸೇರ್ತು, ಆಮೇಲೆ ಕೋರ್ಟು ಕಚೇರಿ ಓದು ವ್ಯಾಪಾರ ಎಲ್ಲ ಬಾಂಬೆ ಕಡೆಗೇ ತಿರುಗಿತು. ಕುಮಟಾ ಬಂದರಿಂದ ಧಾರವಾಡ ಕಡೆಯ ಹತ್ತಿ ಬಾಂಬೆಗೆ ಹೋಗ್ತಿತ್ತು, 1861ರಿಂದ 65ರ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ರೇಟು ಏರಿ ಈ ವ್ಯಾಪಾರದಲ್ಲಿದ್ದ ಎಷ್ಟೋ ಜನ ದುಡ್ಡು ಕಂಡ್ರು. ಆ ದುಡ್ಡು, ಅಡಿಕೆ ದುಡ್ಡು, ಸರ್ಕಾರಿ ಕೆಲಸದ ಸಂಬಳ, ಈ ಮೂರರಲ್ಲಿ ಯಾವುದೋ ಒಂದು ಈ ಫೋಟೋಗಳ ಹಿಂದೆ ಇರ್ತದೆ. ಆಗಬೋಟು, ಅಂದ್ರೆ ಉಗಿ ಹಡಗು, ಏರಿ ಬಾಂಬೆಗೆ ಹೋದಾಗ ಸ್ಟುಡಿಯೋಕ್ಕೆ ಹೋಗಿ ಕೂತು ಬರ್ತಿದ್ರು. ಮಳೆಗಾಲದಲ್ಲಿ ಸಮುದ್ರ ಕೆರಳಿ ಆಗಬೋಟು ಬಂದ್ ಆಗ್ತಿತ್ತು, ಹಾಗಾಗಿ ಊರಲ್ಲೇ ಇರೋ ಕುಟುಂಬ ಬಾಂಬೆಯಲ್ಲಿ ತೆಗೆಸಿದ ಫೋಟೋ ಆದ್ರೆ ಹೆಚ್ಚುಪಾಲು ಮಳೆ ಮುಗಿದ ಮೇಲಿಂದ ಮೇ ತನಕದ್ದು ಅಂದ್ಕೋಬಹುದು. ನೊವಾ ಗೋವಾ ಅಂತ ಅಚ್ಚಾಗಿದ್ರೆ ಅದು ಪಣಜಿ, ಪೋರ್ಚುಗೀಸರ ಕಾಲದ ಹೆಸರು.

ಬಾಂಬೆಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿದ್ದು 1854ರಲ್ಲಿ, ಹರಿಶ್ಚಂದ್ರ ಚಿಂತಾಮಣ್ ಅಂತ ಒಬ್ಬರು ಅಲ್ಲಿ ಸ್ಟುಡಿಯೋ ನಡೆಸಿದ ಮೊದಮೊದಲ ಭಾರತೀಯರಲ್ಲಿ ಸೇರ್ತಾರೆ. ಹೆಸರಾಂತ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ಬಾಂಬೆಯಲ್ಲಿ ಸ್ಟುಡಿಯೋ ತೆರೆದಿದ್ದು 1896ರಲ್ಲಿ, ಆ ಹೆಸರಿನ ಬಾಂಬೆ ಕಾರ್ಡ್ ಸಿಕ್ಕಿದ್ರೆ ಅದಕ್ಕಿಂತ ಹಳೇದು ಅಲ್ಲ ಅಂತ ತೀರ್ಮಾನ ಆಯ್ತು. ಹೀಗೆ ಸ್ಟುಡಿಯೋ ಶುರುವಾದ ವರ್ಷ, ವಿಳಾಸ ಬದಲಾದ ವರ್ಷ ಹುಡುಕಿದ್ರೆ ಒಂದು ಕಡೆ ಗಡಿ ಸಿಗ್ತದೆ. ಹಿಂದೆ ವೈಸರಾಯ್ ಹೆಸರು ಹಾಕಿ ಇಂಥವರ ಫೋಟೋಗ್ರಾಫರ್ ಅಂತ ಜಂಬದಿಂದ ಅಚ್ಚು ಹಾಕಿಸಿದ್ರೆ ಇನ್ನೂ ಒಳ್ಳೇದು: ರಿಪನ್ 1880ರಿಂದ 84, ಡಫರಿನ್ 84ರಿಂದ 88, ಲ್ಯಾನ್ಸ್‌ಡೌನ್ 88ರಿಂದ 94, ಎಲ್ಜಿನ್ 94ರಿಂದ 99, ಕರ್ಜನ್ 1899ರಿಂದ 1905. ಪದಕಗಳ ಚಿತ್ರದ ಜೊತೆ ವರ್ಷ ಇದ್ರೆ ಕಾರ್ಡ್ ಅದಕ್ಕಿಂತ ಈಚೆಗಿನದ್ದು. ಆದ್ರೆ ನೆನಪಿರ್ಲಿ, ಸ್ಟುಡಿಯೋದವರು ಗಾಜಿನ ನೆಗೆಟಿವ್ ಇಟ್ಕೊಂಡು ಹತ್ತು ವರ್ಷ ಆದ್ಮೇಲೂ ಕೇಳಿದವರಿಗೆ ಹೊಸ ಪ್ರಿಂಟ್ ಹಾಕಿ ಕೊಡ್ತಿದ್ರು, ರಟ್ಟು ಹೇಳೋದು ಪ್ರಿಂಟ್ ಹಾಕಿದ ಕಾಲ, ಕೂತ ಕಾಲ ಅಲ್ಲ.

ಸ್ಕೇಲ್ ಇಟ್ಟು ಅಳೀರಿ. ರಟ್ಟು ಸುಮಾರು 64 ಮಿಲಿಮೀಟರ್ ಅಗಲ 100 ಮಿಲಿಮೀಟರ್ ಉದ್ದ ಇದ್ರೆ ಅದು ಕಾರ್ತ್ ದ ವಿಸೀತ್, ಅಂದ್ರೆ ವಿಸಿಟಿಂಗ್ ಕಾರ್ಡ್ ಅಳತೆಯ ಫೋಟೋ, ಪ್ಯಾರಿಸ್‌ನ ಫೋಟೋಗ್ರಾಫರ್ ದಿಸ್ದೆರಿ 1854ರಲ್ಲಿ ಪೇಟೆಂಟ್ ಮಾಡಿದ್ದು, 1860ರ ದಶಕದಲ್ಲಿ ಎಲ್ಲಾ ಕಡೆ ಹರಡಿತು. 108ಕ್ಕೆ 165 ಇದ್ರೆ ಕ್ಯಾಬಿನೆಟ್ ಕಾರ್ಡ್, 1866ರಿಂದ ಬಂದಿದ್ದು, ಆ ಶತಮಾನ ಮುಗಿಯೋ ತನಕ ಅದರದ್ದೇ ಕಾರುಬಾರು. ತೆಳು ರಟ್ಟು ಚೂಪು ಮೂಲೆ ಇದ್ರೆ ಹಳೇದು, ದಪ್ಪ ರಟ್ಟು ಉರುಟು ಮೂಲೆ ಚಿನ್ನದ ಅಂಚು ಇದ್ರೆ ಸಾಮಾನ್ಯವಾಗಿ 1880, 90ರದ್ದು.

ಆಮೇಲೆ ಒಂದು ಲೂಪ್, ಅಂದ್ರೆ ಸಣ್ಣ ಭೂತಗನ್ನಡಿ, ತಗೊಳ್ಳಿ, ವಾಚ್ ರಿಪೇರಿಯವರು ಕಣ್ಣಿಗೆ ಇಟ್ಕೊಳ್ಳೋದೂ ಆಗ್ತದೆ. ಕಾಗದದ ನಾರು ಕಾಣ್ತಿದ್ದು, ಬೆಳಕಿನ ಜಾಗ ಹಳದಿಗೆ ತಿರುಗಿ, ನೆರಳು ನೇರಳೆ ಮಿಶ್ರ ಕಂದು ಇದ್ದು, ಮೇಲೆ ಕೂದಲೆಳೆ ಬಿರುಕು ಇದ್ರೆ ಅದು ಆಲ್ಬುಮೆನ್ ಪ್ರಿಂಟ್, ಮೊಟ್ಟೆಯ ಬಿಳಿ ಲೋಳೆ ಹಚ್ಚಿದ ಕಾಗದ, 1850ರಿಂದ ಹೆಚ್ಚೂಕಮ್ಮಿ 1890ರ ದಶಕದ ತನಕ ನಡೀತು. ನಾರು ಕಾಣದೆ, ಕಪ್ಪು ಜಾಗದಲ್ಲಿ ಓರೆಯಾಗಿ ನೋಡಿದ್ರೆ ನೀಲಿ ಬೆಳ್ಳಿ ಹೊಳಪು ಕಂಡ್ರೆ ಜೆಲಾಟಿನ್ ಕಾಗದ, ಅದು 1880ರ ದಶಕದಲ್ಲಿ ಬಂತು, 1900ರ ನಂತರದ್ದೇ ಜಾಸ್ತಿ. ಸಣ್ಣ ಸಣ್ಣ ಚುಕ್ಕಿ ಸಾಲಾಗಿ ಕಂಡ್ರೆ ಅದು ಫೋಟೋ ಅಲ್ಲ, ಪ್ರೆಸ್ಸಲ್ಲಿ ಅಚ್ಚಾಗಿದ್ದು. ಫೋಟೋದ ಒಳಗೇ ಇನ್ನೊಂದು ರಟ್ಟಿನ ಅಂಚು, ಮಡಿಕೆ, ಹುಳ ತಿಂದ ತೂತು ಕಾಣ್ತಿದ್ದು ಕೈಗೆ ಆ ತೂತು ಸಿಗದೆ ಇದ್ರೆ ಅದು ಹಳೇ ಫೋಟೋದ ಕಾಪಿ, ಮುಂದೆ ಯಾರೋ ಪಾಲಾಗುವಾಗ ಮಾಡಿಸಿದ್ದಿರಬಹುದು, ಒರಿಜಿನಲ್ ಇನ್ನೊಂದು ಹಿಸ್ಸೆಯವರ ಮನೆಯಲ್ಲಿ ಇರಬಹುದು, ಕೇಳಿ ನೋಡಿ.

ಚಿತ್ರದ ಒಳಗೆ ನೋಡುವಾಗ ಒಂದು ವಿಷಯ ಗೊತ್ತಿರಬೇಕು. ಆ ಕಾಲದ ಗಾಜಿನ ಪ್ಲೇಟಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗ್ತಿತ್ತು, ಕೆಂಪು ತಾಗ್ತಾನೇ ಇರಲಿಲ್ಲ. ಅದಕ್ಕೇ ಕೆಂಪು ಧಾರೆ ಸೀರೆ ಕಪ್ಪಾಗಿ ಕಾಣ್ತದೆ, ಕುಂಕುಮ ಕಪ್ಪು, ಚಿನ್ನದ ಸರ ಮಂಕು, ನೀಲಿ ಸೀರೆ ಬಿಳಿ ಸೀರೆಯ ಹಾಗೆ. ಬಿಳಿ ಸೀರೆ ಅಂತ ನೋಡಿ ಇವರು ವಿಧವೆ ಅಂತ ಬರೆದುಬಿಡೋದು, ಕಪ್ಪು ಸೀರೆ ಅಂತ ಆಶ್ಚರ್ಯ ಪಡೋದು ಎರಡೂ ತಪ್ಪು. ಬಳೆ, ಕುಂಕುಮ, ತಾಳಿ ಇದೆಯಾ ಅಂತ ನೋಡಿ ತೀರ್ಮಾನ ಮಾಡಿ. ಮುಖ ಬಿಗಿದುಕೊಂಡು ಕೂತಿದ್ದಾರೆ, ಸಿಟ್ಟಿನ ಮನುಷ್ಯರು ಅಂತಲೂ ಅನ್ಕೋಬೇಡಿ, ಹಸಿ ಇರುವಾಗಲೇ ಬಳಸ್ಬೇಕಾದ ಕೊಲೋಡಿಯನ್ ಗಾಜಿನ ಪ್ಲೇಟಿನ ಕಾಲದಲ್ಲಿ ಕೆಲವು ಸೆಕೆಂಡು ಅಲುಗಾಡದೆ ಇರಬೇಕಿತ್ತು, ತಲೆ ನಿಲ್ಲೋಕೆ ಹಿಂದೆ ಕಬ್ಬಿಣದ ಸ್ಟ್ಯಾಂಡ್ ಇಡ್ತಿದ್ರು, ನಿಂತವರ ಪಾದದ ಹಿಂದೆ ಅದರ ಕಾಲು ಕಾಣ್ತದೆ ಹುಡುಕಿ. ಮಗುವಿನ ಮುಖ ಕಲಸಿ ಹೋಗಿದ್ರೆ ಅದೂ ಇದಕ್ಕೇ. 1880ರ ಸುಮಾರಿಗೆ ಡ್ರೈ ಪ್ಲೇಟ್, ಅಂದ್ರೆ ಮೊದಲೇ ತಯಾರಿಸಿಟ್ಟ ಒಣ ಪ್ಲೇಟ್, ಬಂದ್ಮೇಲೆ ಈ ಕಷ್ಟ ಕಮ್ಮಿ ಆಯ್ತು.

ಕಂಬ, ಮೆಟ್ಟಿಲು, ಪರದೆ, ದಪ್ಪ ಪುಸ್ತಕ ಇವೆಲ್ಲ ಸ್ಟುಡಿಯೋದ ಸಾಮಾನು, ನಿಮ್ಮ ಮನೆಯದ್ದಲ್ಲ. ಹಿಂದೆ ಬರೀ ಬಟ್ಟೆ ಕಟ್ಟಿ ಕೆಳಗೆ ಸಗಣಿ ಸಾರಿಸಿದ ನೆಲವೋ ಚಿರೇಕಲ್ಲೋ ಕಂಡ್ರೆ ಊರೂರು ತಿರುಗೋ ಫೋಟೋಗ್ರಾಫರ್ ಮನೆಗೇ ಬಂದು ಜಗುಲಿಯಲ್ಲಿ ತೆಗೆದಿದ್ದು, ಆವಾಗ ಅದು ನಿಮ್ಮ ಮನೆಯ ಹಳೇ ರೂಪಕ್ಕೂ ಸಾಕ್ಷಿ. ಯಾರಾದ್ರೂ ಪದವಿ ಗೌನ್ ಹಾಕಿ ನಿಂತಿದ್ರೆ ನಿಮ್ಮ ಅದೃಷ್ಟ, ಬಾಂಬೆ ಯೂನಿವರ್ಸಿಟಿ ಶುರುವಾಗಿದ್ದು 1857ರಲ್ಲಿ, ಅವರ ಹಳೇ ಕ್ಯಾಲೆಂಡರ್ ಪುಸ್ತಕಗಳಲ್ಲಿ ಪಾಸಾದವರ ಹೆಸರು ವರ್ಷ ಸಮೇತ ಇದೆ. ಉಡುಗೆ ಬಗ್ಗೆ ಡೌಟ್ ಬಂದ್ರೆ 1883ರಲ್ಲಿ ಬಂದ ಕೆನರಾ ಗೆಜೆಟಿಯರ್, ಅಂದ್ರೆ ಸರ್ಕಾರದವರು ಜಿಲ್ಲೆಯ ವಿವರ ಬರೆಸಿದ ಪುಸ್ತಕ, ತೆಗೀರಿ, ಯಾವ ಸಮುದಾಯದವರು ಏನು ಉಡ್ತಿದ್ರು ಅಂತ ಬರೆದಿದ್ದಾರೆ, ಬರೆದವರ ಕಣ್ಣು ಬ್ರಿಟಿಷ್ ಸರ್ಕಾರದ್ದು ಅನ್ನೋದು ಮಾತ್ರ ತಲೆಯಲ್ಲಿರಲಿ.

ಹಿಂದೆ ಕೈಬರಹ ಇದ್ದು ಕನ್ನಡವೂ ಅಲ್ಲ ದೇವನಾಗರಿಯೂ ಅಲ್ಲ ಅನ್ನಿಸಿದ್ರೆ ಮೋಡಿ ಲಿಪಿ ಇರಬಹುದು, ಬಾಂಬೆ ಪ್ರೆಸಿಡೆನ್ಸಿ ಕಡೆ ಲೆಕ್ಕಪತ್ರಕ್ಕೆ ಬಳಸ್ತಿದ್ದದ್ದು, ಓದೋರು ಈಗಲೂ ಇದ್ದಾರೆ. ಸಂವತ್ಸರ ಬರೆದಿದ್ರೆ ಸುಲಭ, ಆದ್ರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರ್ತದೆ ನೋಡಿ, ನಂದನ ಅಂದ್ರೆ 1832 ಆಗಬಹುದು, 1892 ಆಗಬಹುದು, 1952ನೂ ಆಗಬಹುದು. ರಟ್ಟು ನೋಡಿದ್ರೆ ಯಾವ ಸುತ್ತು ಅಂತ ತಿಳೀತದೆ. ಶಕ ವರ್ಷ ಇದ್ರೆ 78 ಕೂಡಿಸಿ, ಶಕ 1814 ಅಂದ್ರೆ 1892-93. ಮನೆಯ ಹಳೇ ಜಾತಕಗಳಲ್ಲೂ ಹೀಗೇ ಇರ್ತದೆ, ಅದರಿಂದ ಯಜಮಾನರ ಹುಟ್ಟಿದ ವರ್ಷ ಹಿಡಿದು, ಫೋಟೋದಲ್ಲಿ ವಯಸ್ಸು ಎಷ್ಟು ಕಾಣ್ತದೆ ನೋಡಿ, ಜೊತೆಗಿರೋ ಸಣ್ಣ ಮಗುವಿನ ಜಾತಕದ ಜೊತೆ ತಾಳೆ ಹಾಕಿ. ದೊಡ್ಡವರ ವಯಸ್ಸು ನಂಬೋಕಾಗಲ್ಲ, ಮಗುವಿನ ವಯಸ್ಸು ಒಂದೆರಡು ವರ್ಷದ ಒಳಗೆ ಸಿಕ್ಕಿಬಿಡ್ತದೆ. ಕೊನೆಗೆ 1885ರಿಂದ 1890 ಅನ್ನೋ ಥರ ಒಂದು ಅವಧಿ ಬರೀರಿ, ಒಂದೇ ವರ್ಷ ಹಾಕೋ ಹಟ ಬೇಡ.

ಧೂಳು, ಬೂಷ್ಟು, ಫ್ರೇಮು

ನೀರು ಬೇಡ, ಸ್ಪಿರಿಟ್ ಬೇಡ, ಗಾಜು ಒರೆಸೋ ಲಿಕ್ವಿಡ್ ಬೇಡ, ಎರೇಸರ್ ಬೇಡ. ಆಲ್ಬುಮೆನ್ ಜೆಲಾಟಿನ್ ಎರಡೂ ನೀರು ಕುಡಿದು ಉಬ್ಬೋ ವಸ್ತು, ಕೈಯಿಂದ ಬಣ್ಣ ಹಚ್ಚಿದ ಫೋಟೋ ಆದ್ರೆ ಬಣ್ಣವೇ ಎದ್ದು ಬರ್ತದೆ. ಮೆತ್ತನೆ ಪೇಂಟಿಂಗ್ ಬ್ರಷ್ ತಗೊಂಡು ನಡುವಿಂದ ಅಂಚಿಗೆ ಹಗೂರಕ್ಕೆ ಧೂಳು ಜಾಡಿಸಿ, ಎದ್ದು ಬರ್ತಿರೋ ಪದರ ಕಂಡ್ರೆ ಅಲ್ಲಿಗೇ ನಿಲ್ಲಿಸಿ. ಬೂಷ್ಟು ಹಿಡಿದಿದ್ದನ್ನ ಬೇರೆ ಇಡಿ, ಮಾಸ್ಕ್ ಹಾಕ್ಕೊಳ್ಳಿ, ನೆರಳಲ್ಲಿ ಫ್ಯಾನ್ ಗಾಳಿ ನೇರ ತಾಗದ ಹಾಗೆ ಪೂರ್ತಿ ಒಣಗೋಕೆ ಬಿಡಿ, ಹಸಿ ಇದ್ದಾಗ ಮುಟ್ಟಿದ್ರೆ ಮುಖದ ಮೇಲೆ ಬಳಿದುಹೋಗ್ತದೆ. ತಾಳೆಗರಿಗೆ ಹಚ್ಚೋ ಎಣ್ಣೆ ಫೋಟೋಕ್ಕೂ ಹಚ್ಚಬಹುದಾ ಅಂತ ಕೇಳ್ತಾರೆ, ಯಾವ ಎಣ್ಣೆಯೂ ಹಚ್ಚಬಾರ್ದು. ಹರಿದಿದ್ದಕ್ಕೆ ಸೆಲೋ ಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಅದನ್ನ ಮತ್ತೆ ಬಿಡಿಸೋಕೆ ಆಗೋದಿಲ್ಲ.

ಜಗುಲಿ ಗೋಡೆಯ ಫ್ರೇಮಲ್ಲಿ ಫೋಟೋ ಗಾಜಿಗೆ ಅಂಟಿಕೊಂಡಿದ್ರೆ ಎಳೀಬೇಡಿ, ಮುಖ ಗಾಜಲ್ಲೇ ಉಳಿದುಹೋಗ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ದೀಪದ ಮಸಿ, ಕುಂಕುಮ ಗಾಜಿನ ಹೊರಗೆ ಇದ್ರೆ ಬಟ್ಟೆಯನ್ನ ಹಿಂಡಿ ತುಸು ಪಸೆ ಮಾತ್ರ ಇಟ್ಕೊಂಡು ಒರೆಸಿ, ಗಾಜಿನ ಮೇಲೇ ನೀರು ಹೊಡೆದ್ರೆ ಅಂಚಿಂದ ಒಳಗೆ ಇಳೀತದೆ.

ಸ್ಕ್ಯಾನ್

ಫ್ಲಾಟ್‌ಬೆಡ್ ಸ್ಕ್ಯಾನರ್ ಮಾತ್ರ, ಕಾಗದ ಎಳ್ಕೊಳ್ಳೋ ಮಷೀನಿಗೆ ಹಾಕ್ಲೇಬೇಡಿ. ಕ್ಯಾಬಿನೆಟ್ ಕಾರ್ಡಿಗೆ 600 ಡಿಪಿಐ, ಸಣ್ಣ ಕಾರ್ಡಿಗೆ 1200, ಕಂದು ಫೋಟೋ ಆದ್ರೂ ಕಲರ್ ಮೋಡಲ್ಲೇ, ಫೈಲ್ ಟಿಫ್ (TIFF) ಅನ್ನೋ ಬಗೆಯದ್ದು. ರಟ್ಟಿನ ನಾಲ್ಕೂ ಅಂಚು ಬರ್ಬೇಕು, ಹಿಂಭಾಗವೂ ಬೇಕು, ಏನೂ ಬರೆದಿಲ್ಲ ಅಂದ್ರೂ ಬೇಕು. ಫೈಲ್ ಹೆಸರಲ್ಲಿ ಮನೆತನ, ನಂಬರ್, ಮುಂದೆ ಅಥವಾ ಹಿಂದೆ ಅಂತ ಹಾಕಿ, ಅದೇ ನಂಬರ್ ಹೆಸರಿನ ಪಟ್ಟಿಯಲ್ಲೂ ಇರ್ಬೇಕು. ಗಾಜಿನ ನೆಗೆಟಿವ್ ಸಿಕ್ಕಿದ್ರೆ ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ಒಂದೊಂದನ್ನ ಕಾಗದದಲ್ಲಿ ಸುತ್ತಿ ಉದ್ದ ಅಂಚಿನ ಮೇಲೆ ನಿಲ್ಲಿಸಿಡಿ.

ಈಗ ಎಐ ಆ್ಯಪ್ ಹಾಕಿ ಮುಖ ಚೊಕ್ಕ ಮಾಡಿ ಬಣ್ಣ ತುಂಬಿಸಿ ಗ್ರೂಪಿಗೆ ಹಾಕೋದು ಜೋರಾಗಿದೆ. ನನಗೆ ಇದು ಸರಿ ಕಾಣೋದಿಲ್ಲ. ಅದು ಅಜ್ಜಿಯ ಕಣ್ಣನ್ನ ಸರಿ ಮಾಡೋದಲ್ಲ, ಬೇರೆ ಯಾರದ್ದೋ ಕಣ್ಣು ತಂದು ಕೂರಿಸೋದು, ಕಪ್ಪಾಗಿ ಬಂದ ಕೆಂಪು ಸೀರೆಗೆ ಅದರದ್ದೇ ಒಂದು ಬಣ್ಣ ಬಳಿಯೋದು. ನಾಳೆ ಮೊಮ್ಮಕ್ಕಳು ಅದನ್ನೇ ನಿಜ ಅಂತ ನಂಬ್ತಾರೆ. ಮಾಡಲೇಬೇಕು ಅಂದ್ರೆ ಕಾಪಿಯ ಮೇಲೆ ಮಾಡಿ, ಆ ಕಾಪಿಯ ಮೇಲೇ ದೊಡ್ಡದಾಗಿ ಎಐ ಮಾಡಿದ್ದು ಅಂತ ಬರೀರಿ.

ಎಲ್ಲಿ ಇಡೋದು

ಅಟ್ಟ ಬೇಡ, ನೆಲ ಬೇಡ, ಮಳೆ ಹೊಡೆಯೋ ಕಡೆಯ ಗೋಡೆಗೆ ತಾಗಿದ ಕಪಾಟು ಬೇಡ. ಮನೆಯ ನಡುವಿನ ಕೋಣೆಯ ಸ್ಟೀಲ್ ಕಪಾಟಿನ ಮಧ್ಯದ ಅರೆ ಒಳ್ಳೇದು. ಒಂದೊಂದು ಫೋಟೋಗೂ ಆ್ಯಸಿಡ್ ಫ್ರೀ ಕಾಗದದ ಲಕೋಟೆ, ಆನ್‌ಲೈನಲ್ಲಿ ಸಿಗ್ತದೆ. ಪ್ಲಾಸ್ಟಿಕ್ ವಾಸನೆ ಹೊಡೆಯೋ ಪಿವಿಸಿ ಆಲ್ಬಮ್, ಅಂಟು ಹಾಳೆಯ ಆಲ್ಬಮ್ ಎರಡೂ ಫೋಟೋ ತಿಂತವೆ. ಪಾಲಿಯೆಸ್ಟರ್ ಕವರ್ ಒಳ್ಳೇದೇ, ಆದ್ರೆ ನಮ್ಮ ಕರಾವಳಿಯ ಪಸೆಗೆ ಕಾಗದವೇ ವಾಸಿ, ಪ್ಲಾಸ್ಟಿಕ್ ಒಳಗೆ ಪಸೆ ಸಿಕ್ಕಿಕೊಂಡ್ರೆ ಜೆಲಾಟಿನ್ ಅದಕ್ಕೇ ಅಂಟ್ತದೆ. ನ್ಯಾಫ್ತಲಿನ್ ಗುಳಿಗೆ ಹಾಕ್ಬೇಡಿ. ಸಿಲಿಕಾ ಜೆಲ್ ಇಡಬಹುದು, ಫೋಟೋಗೆ ತಾಗಬಾರ್ದು, ಬಣ್ಣ ಬದಲಾದ ಕೂಡ್ಲೇ ಬದಲಿಸ್ಬೇಕು, ಇಟ್ಟು ಮರೆತ್ರೆ ಪ್ರಯೋಜನ ಇಲ್ಲ. ಒಂದು ಸಣ್ಣ ಹೈಗ್ರೋಮೀಟರ್ ಕಪಾಟಲ್ಲಿ ಇಟ್ರೆ ತೇವಾಂಶ ತಿಳೀತದೆ, 30ರಿಂದ 50 ಪರ್ಸೆಂಟ್ ಒಳಗೆ ಇದ್ರೆ ಉತ್ತಮ, ನಮ್ಮಲ್ಲಿ ಮಳೆಗಾಲದಲ್ಲಿ ಅದು ಕಷ್ಟ, 65 ದಾಟದ ಹಾಗೆ ನೋಡ್ಕೊಂಡ್ರೆ ಬೂಷ್ಟಿನ ಕಾಟ ಕಮ್ಮಿ. ಹಳೇ ಪುಸ್ತಕದಲ್ಲಿ ಸರಕ್ಕನೆ ಓಡೋ ಬೆಳ್ಳಿ ಬಣ್ಣದ ಹುಳಕ್ಕೆ ರಟ್ಟಿನ ಗೋಂದು ಅಂದ್ರೆ ಪ್ರಾಣ, ಒರಲೆ ಬೇರೆ, ಹಾಗಾಗಿ ವರ್ಷಕ್ಕೆರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ಆದ್ಮೇಲೆ, ಕಪಾಟು ತೆಗೆದು ನೋಡ್ಲೇಬೇಕು.

ಹಿಸ್ಸೆ ಆಗುವಾಗ

ಫೋಟೋ ಕಳೆದುಹೋಗೋದು ಹೆಚ್ಚಾಗಿ ಹುಳದಿಂದಲ್ಲ, ಪಾಲಿನಿಂದ. ಆಲ್ಬಮ್ ಬಿಚ್ಚಿ ಮನೆಗೆ ಎರಡೆರಡು ಹಂಚ್ಕೊಂಡ್ರೆ ಯಾರ ಪಕ್ಕ ಯಾರು ಇದ್ರು ಅನ್ನೋ ಸಂಬಂಧವೇ ಹೋಗ್ತದೆ. ಸ್ಕ್ಯಾನ್ ಮತ್ತು ಹೆಸರಿನ ಪಟ್ಟಿ ಎಲ್ಲಾ ಹಿಸ್ಸೆದಾರರಿಗೂ ಕೊಡಿ, ಒಂದು ಪ್ರತಿ ಬೆಂಗಳೂರಲ್ಲೋ ಮುಂಬೈಲೋ ಇರೋ ಸಂಬಂಧಿಕರ ಹಾರ್ಡ್‌ಡಿಸ್ಕಲ್ಲಿ, ಒಂದು ಕ್ಲೌಡಲ್ಲಿ ಇರ್ಲಿ, ಹೆಸರಿನ ಪಟ್ಟಿಯನ್ನ ಕಾಗದದ ಮೇಲೂ ಪ್ರಿಂಟ್ ಹಾಕಿ. ಒರಿಜಿನಲ್ ಮಾತ್ರ ಒಡೆಯದೆ ಒಂದೇ ಕಡೆ ಇರ್ಬೇಕು, ಹಿರಿಯ ಮಗನ ಮನೆ ಅಂತ ಅಲ್ಲ, ಯಾರ ಮನೆಯಲ್ಲಿ ಪಸೆ ಕಮ್ಮಿಯೋ, ಯಾರು ವರ್ಷಕ್ಕೆರಡು ಸಲ ತೆಗೆದು ನೋಡ್ತಾರೋ ಅವರ ಮನೆಯಲ್ಲಿ. ಅದು ಎಲ್ಲರ ಸ್ವತ್ತು, ಇವರು ನೋಡ್ಕೊಳ್ಳೋರು ಅಂತ ಒಂದು ಚೀಟಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಆ ಚೀಟಿಯ ಒಂದು ಪ್ರತಿಯನ್ನ ಫೋಟೋ ಪೆಟ್ಟಿಗೆಯಲ್ಲೇ ಬೇರೆ ಲಕೋಟೆಯಲ್ಲಿ ಇಡಿ.